ಎರಡು ಗಡಿಯಾರಗಳ ಸಂಸಾರ

ಈಚೆಗೆ ನಮ್ಮ ಬೀದಿಯ ಅಜ್ಜಿಯೊಬ್ಬರು ಒಂದು ನೋಟೀಸು ಹಿಡಿದುಕೊಂಡು ಮನೆಗೆ ಬಂದರು. ಊರಿನ ಸಹಕಾರ ಸಂಘವೊಂದರಿಂದ ಬಂದದ್ದು. ಹಸು ಕೊಳ್ಳಲು ತೆಗೆದ ಸಾಲದ ಕಂತು ಬಾಕಿ ಇದೆ, ಹದಿನೈದು ದಿನದೊಳಗೆ ಬಡ್ಡಿ ಸಮೇತ ಕಟ್ಟದಿದ್ದರೆ ಮುಂದಿನ ಕ್ರಮ ಜರುಗಿಸಲಾಗುವುದು ಎಂದು ಅದರಲ್ಲಿತ್ತು.

"ನಾನು ಕಟ್ಟಿವ್ನಿ ಕಣಪ್ಪ, ರಸೀತಿ ಐತೆ" ಎನ್ನುತ್ತ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ರಸೀತಿ ಇತ್ತು. ಮೊತ್ತ ಸರಿಯಾಗಿತ್ತು. ಮೊಹರು, ಸಹಿ ಎಲ್ಲವೂ ಇದ್ದವು. ತಾರೀಖು ಮಾತ್ರ 01-01-2009! ಅಜ್ಜಿ ಸಾಲ ಪಡೆದದ್ದು 2023ರಲ್ಲಿ. ಸಾಲ ಪಡೆಯುವ ಹದಿನಾಲ್ಕು ವರ್ಷ ಮೊದಲೇ ಕಂತು ಕಟ್ಟಿದ ಪುಣ್ಯಾತ್ಗಿತ್ತಿ ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

ಮರುದಿನ ಅಜ್ಜಿಯ ಜತೆ ಸಂಘಕ್ಕೆ ಹೋದೆ. ರಸೀತಿ ನೋಡಿದ ಗುಮಾಸ್ತರ ಮುಖ ಸಣ್ಣದಾಯಿತು. "ಸಾರ್, ಈ ಕಂಪ್ಯೂಟರ್ ದಿನಾ ಬೆಳಿಗ್ಗೆ 2009ಕ್ಕೆ ಹೋಗ್ಬಿಡುತ್ತೆ. ಬಂದ ತಕ್ಷಣ ತಾರೀಖು, ಟೈಮು ಸರಿ ಮಾಡ್ಕೊಂಡೇ ನಾನು ಕೆಲಸ ಶುರು ಮಾಡೋದು. ಅವತ್ತು ಸಂತೆ. ಬಾಗಿಲು ತೆಗೆಯೋಕೆ ಮುಂಚೆನೇ ಜನ ನಿಂತಿದ್ರು. ಮರೆತುಬಿಟ್ಟೆ" ಎಂದರು.

ಲೆಕ್ಕದ ತಂತ್ರಾಂಶ ತನ್ನ ಪಾಡಿಗೆ ತಾನು ನಿಯತ್ತಿನಿಂದ ಕೆಲಸ ಮಾಡಿತ್ತು. ಸಾಲಕ್ಕಿಂತ ಹಿಂದಿನ ತಾರೀಖಿನ ಕಂತನ್ನು ಅದು ಸಾಲದ ಲೆಕ್ಕಕ್ಕೆ ಹಿಡಿಯಲಿಲ್ಲ. ತಿಂಗಳ ಕೊನೆಗೆ ಬಾಕಿದಾರರ ಪಟ್ಟಿ ತೆಗೆಯಿತು, ನೋಟೀಸು ಮುದ್ರಿಸಿತು. ಗುಮಾಸ್ತರೂ ಸೋಮಾರಿಯಲ್ಲ. ಎರಡು ವರ್ಷದಿಂದ ದಿನವೂ ಬೆಳಿಗ್ಗೆ ಗಡಿಯಾರ ತಿದ್ದುತ್ತಿದ್ದಾರೆ. ಅದು ದಿನವೂ ಕೆಡುವುದೇಕೆ ಎಂದು ಮಾತ್ರ ಯಾರೂ ನೋಡಿರಲಿಲ್ಲ.

ಗೋಡೆ ಗಡಿಯಾರ, ಕೈಗಡಿಯಾರ

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಕಾಣುವುದು ಒಂದು ಗಡಿಯಾರ. ಒಳಗೆ ಇರುವುದು ಎರಡು. ಈ ಸಂಗತಿ ಗೊತ್ತಾದರೆ ಅರ್ಧ ಸಮಸ್ಯೆ ಪರಿಹಾರವಾದಂತೆಯೇ.

ಹಳ್ಳಿಯ ಶಾಲೆಯೊಂದನ್ನು ನೆನಪಿಸಿಕೊಳ್ಳಿ. ಹೆಡ್‌ಮಾಸ್ತರ ಕೋಣೆಯಲ್ಲಿ ಒಂದು ಗೋಡೆ ಗಡಿಯಾರ. ಶಾಲೆಗೆ ಬೀಗ ಬಿದ್ದ ಮೇಲೂ, ಬೇಸಿಗೆ ರಜೆಯಲ್ಲೂ ಅದು ನಡೆಯುತ್ತಲೇ ಇರುತ್ತದೆ. ಬೆಳಿಗ್ಗೆ ಬಂದ ಮೇಷ್ಟ್ರು ಅದನ್ನು ಒಮ್ಮೆ ನೋಡಿ ತಮ್ಮ ಕೈಗಡಿಯಾರ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ದಿನವಿಡೀ ಗಂಟೆ ಹೊಡೆಸುವುದೆಲ್ಲ ಕೈಗಡಿಯಾರ ನೋಡಿಕೊಂಡೇ. ಮಧ್ಯಾಹ್ನ ಆಕಾಶವಾಣಿ ವಾರ್ತೆಗೆ ಸರಿಯಾಗಿ ಕೈಗಡಿಯಾರ ತಿದ್ದಿಕೊಂಡರು ಎನ್ನಿ. ಗೋಡೆಯದು ಹಾಗೆಯೇ ಉಳಿಯಿತು. ಮರುದಿನ ಬೆಳಿಗ್ಗೆ ಮತ್ತೆ ಗೋಡೆಯನ್ನೇ ನೋಡಿ ಹೊಂದಿಸಿಕೊಂಡರೆ ನಿನ್ನೆಯ ತಪ್ಪು ಇವತ್ತು ಮರಳಿ ಬಂದಿತಲ್ಲ!

ಕಂಪ್ಯೂಟರಿನಲ್ಲಿ ಗೋಡೆ ಗಡಿಯಾರದ ಸ್ಥಾನದಲ್ಲಿರುವುದು ಹಾರ್ಡ್‌ವೇರ್ ಗಡಿಯಾರ. ಮದರ್‌ಬೋರ್ಡಿನ ಮೇಲೆ ಒಂದು ನಾಣ್ಯದಂಥ ಸೆಲ್ಲನ್ನು ನಂಬಿಕೊಂಡು ಅದು ಬದುಕುತ್ತದೆ. ಕೈಗಡಿಯಾರವೆಂದರೆ ಸಿಸ್ಟಂ ಗಡಿಯಾರ. ವಿಂಡೋಸ್, ಲಿನಕ್ಸ್ ಮುಂತಾದ ಆಪರೇಟಿಂಗ್ ಸಿಸ್ಟಂ ಏಳುವಾಗ ಹಾರ್ಡ್‌ವೇರ್ ಗಡಿಯಾರವನ್ನು ಓದಿಕೊಂಡು, ಆಮೇಲೆ ತಾನೇ ಎಣಿಸುತ್ತ ಹೋಗುವ ಲೆಕ್ಕ ಅದು. ಯಂತ್ರ ಆರಿಸಿದರೆ ಆ ಲೆಕ್ಕವೂ ಆರಿತು. ಎರಡಕ್ಕೂ ಆಧಾರವಾದ ಸ್ಫಟಿಕಗಳು ಸಾಮಾನ್ಯವಾಗಿ ಬೇರೆ ಬೇರೆ. ಹೀಗಾಗಿ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡಿದರೂ ಎರಡರ ನಡಿಗೆ ಒಂದೇ ಅಲ್ಲ.

ಮೊದಮೊದಲು ಈ ಗೋಡೆ ಗಡಿಯಾರವೇ ಇರಲಿಲ್ಲ. 1981ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಪಿ.ಸಿ.ಯಲ್ಲಿ ಸೆಲ್ಲಿನಿಂದ ನಡೆಯುವ ಗಡಿಯಾರ ಇರಲಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗಲೂ ಡಾಸ್ ವ್ಯವಸ್ಥೆ ಇವತ್ತು ತಾರೀಖೆಷ್ಟು, ಈಗ ಗಂಟೆಯೆಷ್ಟು ಎಂದು ಕೇಳುತ್ತಿತ್ತು. ಉತ್ತರ ಕೊಡದೆ ಎಂಟರ್ ಒತ್ತಿದರೆ 1980ರ ಜನವರಿ 1 ಎಂದೇ ತಿಳಿದುಕೊಂಡು ಮುಂದುವರಿಯುತ್ತಿತ್ತು. ಆ ಕಾಲದ ಹಳೆಯ ಫೈಲುಗಳಲ್ಲಿ ಎಷ್ಟೋ ಇಂದಿಗೂ ಅದೇ ತಾರೀಖನ್ನು ಹೊತ್ತು ಕೂತಿವೆ.

1984ರಲ್ಲಿ ಬಂದ ಪಿ.ಸಿ./ಎಟಿ ಮಾದರಿಯಲ್ಲಿ ಮೊಟೊರೊಲಾ ಕಂಪನಿಯ ಒಂದು ಗಡಿಯಾರದ ಚಿಪ್ಪನ್ನು ಕೂರಿಸಿದರು. ಅದರಲ್ಲಿದ್ದದ್ದು ಕೇವಲ 64 ಬೈಟ್ ಜಾಗ. ಹದಿನಾಲ್ಕು ಗಡಿಯಾರಕ್ಕೆ, ಮಿಕ್ಕ ಐವತ್ತು ಯಂತ್ರದ ಇತರ ವಿವರಗಳಿಗೆ. ಇಸವಿಗೆ ಎರಡೇ ಅಂಕೆ. 2000ನೇ ಇಸವಿ ಬರುವಾಗ ಜಗತ್ತೆಲ್ಲ ಬೆವರಿದ್ದಕ್ಕೆ ಈ ಎರಡಂಕೆಯ ಜಿಪುಣತನವೂ ಒಂದು ಕಾರಣ.

ಚಿಪ್ಪೇನೋ ಬಂತು. ಆದರೆ ಡಾಸ್‌ನಲ್ಲಿ ಕೂತು ಸಮಯ ತಿದ್ದಿದರೆ ಅದು ಕೈಗಡಿಯಾರಕ್ಕಷ್ಟೇ ಮುಟ್ಟುತ್ತಿತ್ತು. ಚಿಪ್ಪಿನೊಳಗಿನದನ್ನು ತಿದ್ದಲು ಬೇರೆಯೇ ಒಂದು ಸೆಟಪ್ ಫ್ಲಾಪಿ ಹಾಕಬೇಕಾಗಿತ್ತು. 1987ರಲ್ಲಿ ಡಾಸ್ 3.3 ಬಂದ ಮೇಲೆಯೇ ತಾರೀಖು, ಸಮಯದ ಆಜ್ಞೆಗಳು ಹಾರ್ಡ್‌ವೇರ್ ಗಡಿಯಾರವನ್ನೂ ತಿದ್ದತೊಡಗಿದವು.

ಈಗ ವಿಂಡೋಸ್‌ನಲ್ಲಿ ಸಮಯ ತಿದ್ದಿದರೆ ಎರಡೂ ಗಡಿಯಾರ ತಿದ್ದಿಕೊಳ್ಳುತ್ತವೆ. ಹಾಗಿದ್ದರೂ ನಮ್ಮ ಗುಮಾಸ್ತರ ಪಾಡು ಹೀಗೇಕಾಯಿತು? ಉತ್ತರಕ್ಕೆ ರೋಗಲಕ್ಷಣ ನೋಡಬೇಕು. ಗಡಿಯಾರದ ಕಾಯಿಲೆಗಳು ಮುಖ್ಯವಾಗಿ ಮೂರು. ಮೂರಕ್ಕೂ ಔಷಧ ಬೇರೆ.

ಮೊದಲನೆಯದು: ದಿನಕ್ಕಿಷ್ಟು ಹಿಂದೆ, ಮುಂದೆ

ಹಾರ್ಡ್‌ವೇರ್ ಗಡಿಯಾರದ ಜೀವಾಳ ಎರಡು ಕವಲಿನ ಒಂದು ಪುಟ್ಟ ಸ್ಫಟಿಕದ ಚೂರು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೆಂಥ ವಿಚಿತ್ರ ಸಂಖ್ಯೆ ಅನ್ನಿಸಬಹುದು. ಅದನ್ನು ಅರ್ಧ ಮಾಡುತ್ತ ಹೋಗಿ: 16,384, 8,192, 4,096... ಹದಿನೈದನೇ ಸಲಕ್ಕೆ ಸರಿಯಾಗಿ 1 ಉಳಿಯುತ್ತದೆ. ಅಂದರೆ ಒಂದು ಸೆಕೆಂಡಿಗೆ ಒಂದು ಮಿಡಿತ. ನಿಮ್ಮ ಕೈಯಲ್ಲಿರುವ ಕ್ವಾರ್ಟ್ಸ್ ವಾಚಿನಲ್ಲೂ ಸಾಮಾನ್ಯವಾಗಿ ಇದೇ ಲೆಕ್ಕ.

ಆದರೆ ಯಾವ ಸ್ಫಟಿಕವೂ ಪರಿಪೂರ್ಣವಲ್ಲ. ಸಾಧಾರಣ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದೀತು. ಕೇಳಲು ಅಲ್ಪ. ದಿನಕ್ಕೆ 86,400 ಸೆಕೆಂಡು ಎಂದು ಗುಣಿಸಿ ನೋಡಿದರೆ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ 52 ಸೆಕೆಂಡು, ವರ್ಷಕ್ಕೆ ಹತ್ತೂವರೆ ನಿಮಿಷ! ಬೆಂಗಳೂರಿಗೆ ಹೋಗುವ ರೈಲು ತಪ್ಪಿಸಿಕೊಳ್ಳಲು ಅಷ್ಟು ಧಾರಾಳ ಸಾಕು.

ಸ್ಫಟಿಕಕ್ಕೆ ಹವೆಯ ಕಾಟವೂ ಉಂಟು. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ತನ್ನ ಅತಿ ಹೆಚ್ಚು ವೇಗದಲ್ಲಿರುತ್ತದೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಪೆಟ್ಟಿಗೆಯ ಒಳಗೆ 45 ಡಿಗ್ರಿ ಇದ್ದರೆ ಈ ಕಾರಣಕ್ಕೇ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ. ರಾಯಚೂರಿನ ಬೇಸಿಗೆಗೂ ಮಡಿಕೇರಿಯ ಚಳಿಗೂ ಒಂದೇ ಗಡಿಯಾರ ಒಂದೇ ಥರ ನಡೆಯಲಾರದು.

ಈ ಕಾಯಿಲೆಗೆ ಆಪರೇಟಿಂಗ್ ಸಿಸ್ಟಂನಲ್ಲೇ ಮದ್ದಿದೆ. ಲಿನಕ್ಸ್‌ನಲ್ಲಿ ಇದಕ್ಕೆಂದೇ 'ಎಚ್‌ಡಬ್ಲ್ಯುಕ್ಲಾಕ್' ಎಂಬ ಆಜ್ಞೆ ಇದೆ. ಮೊದಲು ಸಿಸ್ಟಂ ಗಡಿಯಾರವನ್ನು ನಂಬಿಕಸ್ಥ ಸಮಯಕ್ಕೆ ಹೊಂದಿಸಬೇಕು. ಆಮೇಲೆ ಈ ಆಜ್ಞೆಗೆ 'ಸಿಸ್‌ಟುಎಚ್‌ಸಿ' ಎಂಬ ಬಾಲ ಸೇರಿಸಿ ಒತ್ತಿದರೆ ಸಿಸ್ಟಂ ಗಡಿಯಾರದ ಸಮಯ ಹಾರ್ಡ್‌ವೇರ್ ಗಡಿಯಾರಕ್ಕೆ ಹೋಗುತ್ತದೆ. 'ಎಚ್‌ಸಿಟುಸಿಸ್' ಎಂದರೆ ಇದರ ತದ್ವಿರುದ್ಧ. ದಿಕ್ಕು ತಪ್ಪಿದರೆ ಸರಿಯಾದ ಸಮಯದ ಮೇಲೆ ತಪ್ಪು ಸಮಯ ಬಂದು ಕೂರುತ್ತದೆ. ಆದ್ದರಿಂದ ಯಾವುದು ಸರಿ ಎಂದು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಬರೆಯಿರಿ. ಇದಕ್ಕೆ ಯಂತ್ರದ ಒಡೆಯನ, ಅಂದರೆ 'ರೂಟ್' ಬಳಕೆದಾರನ ಅಧಿಕಾರವೂ ಬೇಕು.

ಇದರಲ್ಲೊಂದು ಸ್ವಾರಸ್ಯವಿದೆ. ಈ ಚಿಪ್ಪಿಗೆ ಸೆಕೆಂಡಿಗಿಂತ ಸಣ್ಣ ಲೆಕ್ಕ ಹೇಳಲು ಬಾರದು. ಸಮಯ ಬರೆದ ಅರ್ಧ ಸೆಕೆಂಡಿಗೇ ಅದು ಮುಂದಿನ ಸೆಕೆಂಡಿಗೆ ಹಾರುತ್ತದೆ. ಆದ್ದರಿಂದ ಎಚ್‌ಡಬ್ಲ್ಯುಕ್ಲಾಕ್ ಆಜ್ಞೆಯು ನೀವು ಒತ್ತಿದ ತಕ್ಷಣ ಬರೆಯುವುದಿಲ್ಲ. ಸಿಸ್ಟಂ ಗಡಿಯಾರದಲ್ಲಿ ಸೆಕೆಂಡಿನ ಅರ್ಧ ಕಳೆಯುವವರೆಗೆ ಕಾದು, ಆಗ ಬರೆಯುತ್ತದೆ.

ಇನ್ನೂ ಒಂದು ಜಾಣತನ ಅದಕ್ಕುಂಟು. ಒಮ್ಮೆ ಗಡಿಯಾರ ತಿದ್ದಿ, ಕೆಲವು ದಿನ ಬಿಟ್ಟು ಇನ್ನೊಮ್ಮೆ ತಿದ್ದುವಾಗ, ವ್ಯತ್ಯಾಸವನ್ನು ಗುರುತಿಟ್ಟುಕೋ ಎಂದು ಹೇಳಿದರೆ, ಈ ಗಡಿಯಾರ ದಿನಕ್ಕೆ ಎಷ್ಟು ಸೆಕೆಂಡು ತಪ್ಪುತ್ತದೆ ಎಂದು ಲೆಕ್ಕ ಹಾಕಿ ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡು ತಿದ್ದುಪಡಿಗಳ ನಡುವೆ ಕನಿಷ್ಠ 4 ಗಂಟೆಯಾದರೂ ಕಳೆದಿರಬೇಕು. ದಿನಗಳೇ ಕಳೆದರೆ ಲೆಕ್ಕ ಇನ್ನೂ ಖಚಿತ. ಮುಂದೆ ಆ ಲೆಕ್ಕದ ಪ್ರಕಾರ ತಪ್ಪನ್ನು ಕಳೆದು ಸಮಯ ಹೇಳಬಲ್ಲದು. ದಿನವೂ ಒಂದೇ ಅಳತೆಯಲ್ಲಿ ತಪ್ಪುವ ಗಡಿಯಾರ ಕೆಟ್ಟ ಗಡಿಯಾರವಲ್ಲ. ಅದರ ತಪ್ಪು ಗೊತ್ತಿದ್ದರಾಯಿತು. ಇಂಟರ್‌ನೆಟ್ ಇಲ್ಲದ ಯಂತ್ರಗಳಿಗೆ ಇದು ದೊಡ್ಡ ಉಪಕಾರ.

ಎರಡನೆಯದು: ಸರಿಯಾಗಿ ಐದೂವರೆ ಗಂಟೆ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಈ ಅನುಭವವಿರುತ್ತದೆ. ಬೆಳಿಗ್ಗೆ 10 ಗಂಟೆಗೆ ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋದರೆ ಗಡಿಯಾರ ಮಧ್ಯಾಹ್ನ ಮೂರೂವರೆ ತೋರಿಸುತ್ತದೆ. ಲಿನಕ್ಸ್‌ನಲ್ಲಿ ತಿದ್ದಿ ವಿಂಡೋಸ್‌ಗೆ ಮರಳಿದರೆ ಬೆಳಗಿನ ಜಾವ ನಾಲ್ಕೂವರೆ!

ಇಲ್ಲಿ ಯಾವ ಗಡಿಯಾರವೂ ಕೆಟ್ಟಿಲ್ಲ. ಓದುವ ಪದ್ಧತಿ ಬೇರೆ, ಅಷ್ಟೇ. ವಿಂಡೋಸ್ ಡಾಸ್ ಕಾಲದ ರೂಢಿಯಂತೆ ಹಾರ್ಡ್‌ವೇರ್ ಗಡಿಯಾರದಲ್ಲಿ ಸ್ಥಳೀಯ ಸಮಯವನ್ನೇ ಇಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅಲ್ಲಿ ವಿಶ್ವ ಸಮಯವನ್ನು ಇಟ್ಟು, ತೋರಿಸುವಾಗ ಭಾರತದ ಐದೂವರೆ ಗಂಟೆಯನ್ನು ಕೂಡಿಕೊಳ್ಳುತ್ತದೆ. ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಒಂದು ಡಿಗ್ರಿಗೆ 4 ನಿಮಿಷದಂತೆ 330 ನಿಮಿಷ, ಅಂದರೆ ಐದೂವರೆ ಗಂಟೆ. ವ್ಯತ್ಯಾಸ ಸರಿಯಾಗಿ ಇಷ್ಟೇ ಇದ್ದರೆ ಸೆಲ್ಲನ್ನೂ ಸ್ಫಟಿಕವನ್ನೂ ಬೈಯಬೇಡಿ. ಎರಡು ವ್ಯವಸ್ಥೆಗಳ ನಡುವೆ ರಾಜಿ ಮಾಡಿಸಿ. ಹಾರ್ಡ್‌ವೇರ್ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ಲಿನಕ್ಸ್‌ಗೆ ಹೇಳಬಹುದು. ಅಥವಾ ವಿಶ್ವ ಸಮಯ ಎಂದು ವಿಂಡೋಸ್‌ಗೆ ಹೇಳಬಹುದು. ಇಬ್ಬರೂ ಒಂದೇ ಮಾತಿಗೆ ಬಂದರೆ ಜಗಳ ಮುಗಿಯಿತು. ರಾಜಿ ಮಾಡಿಸದೆ ದಿನವೂ ಗಡಿಯಾರ ತಿದ್ದುತ್ತ ಕೂತರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಲೇ ಇರುತ್ತಾರೆ.

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಅಮೆರಿಕ, ಯೂರೋಪುಗಳಲ್ಲಿ ಇದೆ. ಅಲ್ಲಿ ಸ್ಥಳೀಯ ಸಮಯ ಇಟ್ಟರೆ ಎರಡೂ ವ್ಯವಸ್ಥೆಗಳು ಸರದಿಯಂತೆ ಒಂದೊಂದು ಗಂಟೆ ತಳ್ಳಿ ಇನ್ನಷ್ಟು ಗೊಂದಲವಾಗುತ್ತದೆ. ನಮಗೆ ಆ ತಾಪತ್ರಯವಿಲ್ಲ.

ಮೂರನೆಯದು: ಹಳೆಯ ಇಸವಿಗೆ ಮರಳುವುದು

ಇದೇ ನಮ್ಮ ಸಂಘದ ಕಾಯಿಲೆ. ಹಗಲೆಲ್ಲ ಸರಿ, ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದರೆ ಹಳೆಯ ಇಸವಿ. ನಾಣ್ಯದಂಥ ಸೆಲ್ಲು ತೀರಿಹೋಗಿದೆ ಎಂದು ಅರ್ಥ. ಹಾರ್ಡ್‌ವೇರ್ ಗಡಿಯಾರಕ್ಕೆ ಆಪರೇಟಿಂಗ್ ಸಿಸ್ಟಂ ಸಮಯ ಬರೆದುಕೊಟ್ಟಿತು ನಿಜ. ಅದನ್ನು ರಾತ್ರಿಯಿಡೀ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿಲ್ಲ. ತೂತು ಕೊಡಕ್ಕೆ ದಿನವೂ ನೀರು ತುಂಬಿದಂತೆ. ಇಲ್ಲಿ ಯಾವ ಆಜ್ಞೆಯೂ ಪ್ರಯೋಜನಕ್ಕೆ ಬಾರದು.

ಈಗಿನ ಕಂಪ್ಯೂಟರುಗಳಲ್ಲಿ ಯಂತ್ರ ಆರಿಸಿದ್ದರೂ ಗೋಡೆಯ ಸ್ವಿಚ್ಚು ಹಾಕಿದ್ದರೆ ಗಡಿಯಾರಕ್ಕೆ ಅಲ್ಲಿಂದಲೇ ಚೂರು ವಿದ್ಯುತ್ ಸಿಗುತ್ತದೆ. ಆಗ ಸೆಲ್ಲು ಖರ್ಚಾಗುವುದು ಬಹಳ ಕಡಿಮೆ. ಸಂಜೆ ಮನೆಗೆ ಹೋಗುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವುದು ನಮ್ಮ ಕಚೇರಿಗಳ ಒಳ್ಳೆಯ ಅಭ್ಯಾಸ. ಅದನ್ನು ಬಿಡಬೇಕಾಗಿಲ್ಲ. ಆದರೆ ಅಂಥ ಕಡೆ ಸೆಲ್ಲು ಬೇಗ ಸವೆಯುತ್ತದೆ ಎಂಬುದು ನೆನಪಿರಲಿ.

ಸಾಮಾನ್ಯವಾಗಿ ಬಳಸುವುದು ಸಿಆರ್2032 ಎಂಬ ಸೆಲ್ಲು. 3 ವೋಲ್ಟ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಆ ಹೆಸರಿನಲ್ಲೇ ಅಳತೆ ಇದೆ ನೋಡಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಯಂತ್ರದ ಪ್ಲಗ್ಗು ಕಿತ್ತು, ಹಳೆಯದು ಯಾವ ಬದಿ ಮೇಲಾಗಿತ್ತೋ ಹಾಗೆಯೇ ಹೊಸದನ್ನು ಕೂರಿಸಿದರಾಯಿತು. ಲ್ಯಾಪ್‌ಟಾಪ್ ಆದರೆ ಬಲ್ಲವರ ಕೈಗೆ ಕೊಡುವುದು ಕ್ಷೇಮ. ಹೊಸ ಸೆಲ್ಲು ಹಾಕಿದ ಮಾತ್ರಕ್ಕೆ ಗಡಿಯಾರಕ್ಕೆ ಜ್ಞಾನೋದಯವಾಗುವುದಿಲ್ಲ. ಒಮ್ಮೆ ಸರಿಯಾದ ತಾರೀಖು, ಸಮಯ ಬರೆಯಲೇಬೇಕು. ಆಮೇಲೆ ಯಂತ್ರವನ್ನು ಪೂರ್ತಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಹಚ್ಚಿ ನೋಡಿ. ಸಮಯ ಉಳಿದಿದ್ದರೆ ಗೆದ್ದಿರಿ.

ಯಾರನ್ನು ನಂಬುವುದು?

ಇಂಟರ್‌ನೆಟ್ ಇದ್ದರೆ ಕೆಲಸ ಹಗುರ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ 'ಎನ್‌ಟಿಪಿ' ಎಂಬ ಪದ್ಧತಿಯಲ್ಲಿ ಕಂಪ್ಯೂಟರುಗಳು ಒಂದನ್ನೊಂದು ಕೇಳಿ ಸಮಯ ಹೊಂದಿಸಿಕೊಳ್ಳುತ್ತವೆ. ಅವರು 2024ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಪರಮಾಣು ಗಡಿಯಾರಗಳ ನೆರವಿನಿಂದ. ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಗಣಕಗಳನ್ನು ಈ ಪ್ರಯೋಗಾಲಯದ ಅಥವಾ ಎನ್‌ಐಸಿಯ ಸಮಯಕ್ಕೆ ಹೊಂದಿಸಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿತು. ಹೀಗೆ ಹೊಂದಿಕೊಂಡ ಲಿನಕ್ಸ್ ಸಾಮಾನ್ಯವಾಗಿ 11 ನಿಮಿಷಕ್ಕೊಮ್ಮೆ ಹಾರ್ಡ್‌ವೇರ್ ಗಡಿಯಾರಕ್ಕೂ ಸಮಯ ಬರೆಯುತ್ತಿರುತ್ತದೆ.

ಆದರೆ ತಿದ್ದುವುದಕ್ಕೂ ಒಂದು ನಯ ಬೇಕು. ನಡೆಯುತ್ತಿರುವ ಗಡಿಯಾರವನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ ಈಗ ಬರೆದ ದಾಖಲೆಗಿಂತ ಮುಂದೆ ಬರೆಯುವ ದಾಖಲೆ ಹಳೆಯದಾಗಿ ಕಾಣುತ್ತದೆ. ಮಗ ಅಪ್ಪನಿಗಿಂತ ದೊಡ್ಡವನಾದಂತೆ. ಅದಕ್ಕೇ ಸಣ್ಣ ವ್ಯತ್ಯಾಸವಿದ್ದಾಗ ಎನ್‌ಟಿಪಿಯು ಗಡಿಯಾರವನ್ನು ಹಾರಿಸುವುದಿಲ್ಲ. ಅದರ ನಡಿಗೆಯನ್ನು ಹತ್ತು ಲಕ್ಷಕ್ಕೆ 500ರಷ್ಟು ಮಾತ್ರ ಹೆಚ್ಚು ಕಡಿಮೆ ಮಾಡುತ್ತದೆ. ಒಂದು ಸೆಕೆಂಡನ್ನು ಹೀಗೆ ತಿದ್ದುವುದಾದರೆ 2,000 ಸೆಕೆಂಡು, ಅಂದರೆ 33 ನಿಮಿಷಕ್ಕೂ ಮಿಕ್ಕಿ ಬೇಕು. ವ್ಯತ್ಯಾಸ 1,000 ಸೆಕೆಂಡು ಮೀರಿದ್ದರೆ, ಎನ್‌ಟಿಪಿಯ ಮೂಲ ತಂತ್ರಾಂಶ ವಿಶೇಷ ಅಪ್ಪಣೆ ಇಲ್ಲದೆ ಕೈಹಾಕದೆ ನಿಂತುಬಿಡುತ್ತದೆ. ಇಷ್ಟು ದೊಡ್ಡ ತಪ್ಪನ್ನು ಮನುಷ್ಯರೇ ನೋಡಲಿ ಎಂಬ ವಿವೇಕ ಅದರದ್ದು.

ಈಗ ಅಜ್ಜಿಯ ವಿಷಯಕ್ಕೆ ಬರೋಣ. ಸೆಲ್ಲು ಬದಲಾಯಿಸಲು ಐದು ನಿಮಿಷ ಸಾಕಾಯಿತು. ಆದರೆ ಗಡಿಯಾರ ಸರಿಹೋದರೆ ಅದು ಕೆಟ್ಟಿದ್ದಾಗ ಬರೆದ ಲೆಕ್ಕ ಸರಿಹೋಗುವುದಿಲ್ಲವಲ್ಲ. ಸಂಘದ ಕಾರ್ಯದರ್ಶಿಗಳು ಆ ಸಂತೆಯ ದಿನದ ಕ್ಯಾಷ್ ಪುಸ್ತಕ ತೆಗೆಸಿದರು. 2009ರ ತಾರೀಖಿನ ರಸೀತಿಗಳು ಇನ್ನೂ ಹನ್ನೊಂದು ಇದ್ದವು. ಅವರಲ್ಲಿ ಇಬ್ಬರು ನೋಟೀಸಿಗೆ ಹೆದರಿ, ಯಾರನ್ನೂ ಕೇಳದೆ, ಎರಡನೇ ಸಲ ಹಣ ಕಟ್ಟಿಹೋಗಿದ್ದರು. ಕಂಪ್ಯೂಟರೇ ಹೇಳಿದ ಮೇಲೆ ನಮ್ಮದೇ ತಪ್ಪಿರಬೇಕು ಎಂದುಕೊಂಡರಂತೆ.

"ತಾರೀಖು ತಿದ್ದಿಬಿಡೋಣ, ಯಾರಿಗೂ ಗೊತ್ತಾಗಲ್ಲ" ಎಂದು ಯಾರೋ ಹೇಳಿದರು. ಬೇಡ ಎಂದೆ. ತಪ್ಪು ನಮೂದು ಹಾಗೆಯೇ ಇರಲಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಇಂಥ ದಿನ ಇಷ್ಟು ಹೊತ್ತು ಗಡಿಯಾರ ತಪ್ಪಾಗಿತ್ತು ಎಂದು ಷರಾ ಹಾಕಿ ಸಹಿ ಮಾಡಿ ಎಂದೆ. ನಾಳೆ ಯಾರಾದರೂ ಅಜ್ಜಿಯ ಕೈಲಿರುವ ರಸೀತಿ ಸುಳ್ಳು ಎಂದರೆ ಆ ಷರಾವೇ ಅವರಿಗೆ ಸಾಕ್ಷಿ. ಕಾರ್ಯದರ್ಶಿಗಳು ಒಪ್ಪಿದರು. ಎರಡು ಸಲ ಕಟ್ಟಿದವರಿಗೆ ಹೇಳಿಕಳಿಸಿದರು.

ನಿಮ್ಮ ಮನೆ, ಅಂಗಡಿ, ಕಚೇರಿಯ ಕಂಪ್ಯೂಟರನ್ನೂ ಇವತ್ತು ಒಮ್ಮೆ ಹೊರಗಿನ ಗಡಿಯಾರದ ಪಕ್ಕ ಇಟ್ಟು ನೋಡಿ. ಸ್ವಲ್ಪ ಹಿಂದೆ ಮುಂದೆ ಇದ್ದರೆ ಸ್ಫಟಿಕ, ಐದೂವರೆ ಗಂಟೆಯಾದರೆ ಪದ್ಧತಿ, ವರ್ಷಗಳೇ ಹಿಂದಾದರೆ ಸೆಲ್ಲು. ಸಿ.ಸಿ. ಕ್ಯಾಮೆರಾ ಇದ್ದರೆ ಅದರ ಗಡಿಯಾರವನ್ನೂ ನೋಡಿ.

ಅಜ್ಜಿ ಹೊರಡುವಾಗ ಗುಮಾಸ್ತರ ಮೇಜಿನ ಮುಂದೆ ನಿಂತು, "ಈಗ ಅದು ಸರಿಯಾಗಿ ಹೇಳ್ತದಾ ಮಗ?" ಎಂದು ಕೇಳಿದರು. "ಹೇಳ್ತದೆ ಅಜ್ಜಿ" ಎಂದರು ಗುಮಾಸ್ತರು. ಅಜ್ಜಿ ನಂಬಲಿಲ್ಲ. ಹೊಸ ರಸೀತಿಯನ್ನು ನನ್ನ ಕೈಗೆ ಕೊಟ್ಟು, "ತಾರೀಖು ಓದಪ್ಪ" ಎಂದರು. ಓದಿದೆ. ಸರಿಯಾಗಿತ್ತು. ಆಮೇಲೆಯೇ ಅದು ಸೆರಗಿನ ಗಂಟಿಗೆ ಹೋಯಿತು.